ರಿಪೇರಿ ದುಡ್ಡು ನಾವು ಮೊದಲೇ ಕೊಟ್ಟಾಗಿದೆ

ಹೋದ ತಿಂಗಳು ಅಕ್ಕನ ಲ್ಯಾಪ್‌ಟಾಪಿನ ಹಿಂಜ್ ಮುರಿಯಿತು. ಎಲ್ಲೂ ಬಿದ್ದಿರಲಿಲ್ಲ. ಸುಮ್ನೆ ಮುಚ್ಚಳ ತೆಗೆಯುವಾಗ ಟಕ್ ಅಂತು, ಅಷ್ಟೇ. ಕೊಂಡು ಇನ್ನೂ ಹತ್ತು ತಿಂಗಳು. ಸರ್ವಿಸ್ ಸೆಂಟರಿನ ಹುಡುಗ ಎರಡು ಫೋಟೋ ತೆಗೆದು, "ಫಿಸಿಕಲ್ ಡ್ಯಾಮೇಜ್ ಮೇಡಂ, ವಾರಂಟಿಲಿ ಬರಲ್ಲ" ಅಂದ. ಎಸ್ಟಿಮೇಟು 11,000 ರೂಪಾಯಿ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಕೆಲವು ವರ್ಷ ಒಂದು ಕಂಪನಿಯಲ್ಲಿ ವಾರಂಟಿ ಲೆಕ್ಕ ನೋಡುತ್ತಿದ್ದವನು. ಮಾಲು ಮಾರಿದಾಗಲೇ, ಇದರಲ್ಲಿ ಇಷ್ಟು ಕೆಟ್ಟು ವಾಪಸ್ ಬರುತ್ತವೆ ಅಂತ ಅಂದಾಜು ಮಾಡಿ ಅದರ ಖರ್ಚನ್ನು ಲೆಕ್ಕದಲ್ಲಿ ತೋರಿಸಿಬಿಡುತ್ತಾರೆ. ಅಕೌಂಟ್ಸ್‌ನವರ ಬಾಯಲ್ಲಿ ಅದು ವಾರಂಟಿ ಪ್ರಾವಿಷನ್. ಆ ದುಡ್ಡು ಎಲ್ಲಿಂದ ಬಂತು? ನಾವು ಕೊಟ್ಟ ಬೆಲೆಯಿಂದಲೇ ಅಲ್ವಾ? ಕೌಂಟರಿನಲ್ಲಿ 'ಬರಲ್ಲ' ಅಂದಾಗಲೆಲ್ಲ ಅದರಲ್ಲಿ ಒಂದಿಷ್ಟು ಉಳಿಯುತ್ತದೆ. ಕೊನೆಗೂ ಖರ್ಚಾಗದಿದ್ದರೆ ಲಾಭಕ್ಕೆ ಸೇರುತ್ತದೆ.

ಇನ್ನೊಂದು ಮಾತು. ರಿಪೇರಿಗೆ ಬಂದ ಪ್ರತಿ ಪೀಸಿಗೂ ಏನು ಕೆಟ್ಟಿದೆ, ಯಾಕೆ ಅಂತ ಒಂದು ಕೋಡ್ ಹಾಕುತ್ತಾರೆ. ಒಂದೇ ಮಾಡೆಲ್ಲಿನ ಒಂದೇ ಜಾಗ ಸಾಲಾಗಿ ಮುರಿದುಕೊಂಡು ಬಂದರೆ ಹೆಡ್ ಆಫೀಸಿಗೆ ಗೊತ್ತಾಗುತ್ತದೆ. ಆದರೆ ಹುಡುಗ 'ಫಿಸಿಕಲ್ ಡ್ಯಾಮೇಜ್' ಅಂತ ಹಾಕಿದರೆ ತಪ್ಪು ಗಿರಾಕಿಯ ತಲೆಗೆ. ಡಿಸೈನ್ ಬಚಾವ್!

ಇದಕ್ಕೆ ನಾನು ಯಾವಾಗಲೂ ಎಕ್ಸ್‌ಬಾಕ್ಸ್ 360ರ ಕಥೆ ಹೇಳುತ್ತೇನೆ. ಮೈಕ್ರೋಸಾಫ್ಟಿನ ಈ ಗೇಮ್ ಪೆಟ್ಟಿಗೆ ಬಂದದ್ದು 2005ರ ಕೊನೆಗೆ. ಸ್ವಲ್ಪ ದಿನಕ್ಕೇ ಮೂರು ಕೆಂಪು ದೀಪ ಹತ್ತಿ ಸಾಯತೊಡಗಿತು. ಒಳಗಿನ ಕಾವಿಗೆ ಬೆಸುಗೆ ಬಿರುಕು ಬಿಡುತ್ತಿತ್ತು. ಅಮೆರಿಕದಲ್ಲಿ ವಾರಂಟಿ ಇದ್ದದ್ದು ಬರೀ 90 ದಿನ. ಕೆಟ್ಟದ್ದು ಒಂದೆರಡು ಅಷ್ಟೇ ಅಂತ ಕಂಪನಿ ಮೊದಮೊದಲು ಹೇಳುತ್ತಾ ಬಂತು. 2006ರ ಡಿಸೆಂಬರಿನಲ್ಲಿ ಆ ವಾರಂಟಿಯನ್ನು ಒಂದು ವರ್ಷ ಮಾಡಿತು. 2007ರ ಜುಲೈನಲ್ಲಿ ಮಾತ್ರ ಸರಿಯಾಗಿ ಮಣಿಯಿತು: ಆ ಮೂರು ದೀಪದ ತೊಂದರೆಗೆ ಮೂರು ವರ್ಷ ವಾರಂಟಿ, ಅದಕ್ಕೆ ಮೊದಲೇ ಕೈಯಿಂದ ದುಡ್ಡು ಕೊಟ್ಟು ರಿಪೇರಿ ಮಾಡಿಸಿಕೊಂಡವರಿಗೆ ಹಣ ವಾಪಸ್. ಖರ್ಚು 100 ಕೋಟಿ ಡಾಲರಿಗೂ ಜಾಸ್ತಿ. ನನ್ನ ಪ್ರಕಾರ ವಾರಂಟಿ ಪಾಲಿಸಿ ಅಂದರೆ ಹೀಗಿರಬೇಕು. ತಡವಾಯಿತು, ನಿಜ.

ಆಪಲ್‌ದೂ ಹೆಚ್ಚುಕಮ್ಮಿ ಇದೇ ಕಥೆ. ಅದರ ಮ್ಯಾಕ್‌ಬುಕ್ ಲ್ಯಾಪ್‌ಟಾಪಿಗೆ ಬಟರ್‌ಫ್ಲೈ ಅನ್ನುವ ತೆಳು ಕೀಬೋರ್ಡ್ ಬಂದದ್ದು 2015ರಲ್ಲಿ. ಕೀಲಿ ಸಿಕ್ಕಿಕೊಳ್ಳುತ್ತದೆ ಅಂತ ಜನ ಬೈದು ಬೈದು ಕೋರ್ಟಿಗೆ ಹೋದ ಮೇಲೆ, 2018ರ ಜೂನಿನಲ್ಲಿ ನಾಲ್ಕು ವರ್ಷದ ಉಚಿತ ರಿಪೇರಿ ಘೋಷಣೆಯಾಯಿತು. ಎರಡರಲ್ಲೂ ಗಮನಿಸಿ, ಗಲಾಟೆಯಾಗದೆ ಅವಧಿ ಬೆಳೆಯಲಿಲ್ಲ.

ಅಕ್ಕನಿಗೂ ಅದನ್ನೇ ಹೇಳಿದೆ. ಅವಳು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದಳು. ಎರಡು ವಾರಕ್ಕೆ ಕಂಪನಿಯಿಂದಲೇ ಕರೆ, ಫ್ರೀಯಾಗಿ ಮಾಡಿಕೊಡುತ್ತೇವೆ ಅಂತ. ಲ್ಯಾಪ್‌ಟಾಪ್ ಬಂತು. ಜೊತೆಗಿದ್ದ ಚೀಟಿಯಲ್ಲಿ 'ಗುಡ್‌ವಿಲ್, ಒಂದು ಸಲಕ್ಕೆ ಮಾತ್ರ' ಅಂತ ಇತ್ತು.

ಅಕ್ಕ ಅದನ್ನು ಓದಿ, "ಯಾರ ಗುಡ್‌ವಿಲ್ಲೋ? ನಂದಾ, ಅವರದ್ದಾ?" ಅಂತ ಕೇಳಿದಳು.