ಗೆಲ್ಲಿಸಿದ್ದು ಯಾರು ಮಾರಾಯ್ರೆ?

ಬೆಳಿಗ್ಗೆ ಎದ್ದರೆ ವಾಟ್ಸಾಪಿನಲ್ಲಿ ಮತ್ತೆ ಅದೇ ಪೋಸ್ಟರ್. ದಕ್ಷಿಣ ವಿಯೆಟ್ನಾಂ ರಾಜಧಾನಿಯಾಗಿದ್ದ ಸೈಗಾನ್‌ನ ಅರಮನೆಯ ಗೇಟು ಮುರಿದು ನುಗ್ಗುವ ಟ್ಯಾಂಕ್, ಮೇಲೆ ವಿಯೆಟ್ನಾಂ ಕಮ್ಯುನಿಸ್ಟರ ನಾಯಕ ಹೋ ಚಿ ಮಿನ್ ಮುಖ, ಕೆಳಗೆ ‘1975ರಲ್ಲಿ ಅಮೆರಿಕವನ್ನು ಮಣಿಸಿದ ವೀರ’. ಕಳಿಸಿದವರು ಬೇರೆ ಯಾರೂ ಅಲ್ಲ, ನಮ್ಮ ಸಂಗಾತಿಗಳೇ. ಸ್ವಾಮಿ, ಹೋ 1969ರಲ್ಲೇ ತೀರಿಕೊಂಡಿದ್ದರು!

1975ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷ ನಡೆಸುತ್ತಿದ್ದವರು ಲೆ ಡುವಾನ್. ರೈಲ್ವೆ ಗುಮಾಸ್ತರಾಗಿದ್ದವರು, ಫ್ರೆಂಚರ ಜೈಲಿನಲ್ಲಿ ಹತ್ತು ವರ್ಷದ ಹತ್ತಿರ ಕೊಳೆತವರು. 1960ರಲ್ಲಿ ಪಕ್ಷದ ಚುಕ್ಕಾಣಿ ಹಿಡಿದವರು 1986ರಲ್ಲಿ ಸಾಯುವವರೆಗೂ ಬಿಡಲಿಲ್ಲ. 1968ರಲ್ಲಿ ಹೊಸವರ್ಷದ ಹಬ್ಬದ ಹೊತ್ತಿಗೆ ದಕ್ಷಿಣದ ಊರೂರುಗಳ ಮೇಲೆ ಒಟ್ಟಿಗೆ ಎರಗಿದ ಟೆಟ್ ದಾಳಿಗೆ ಪಟ್ಟು ಹಿಡಿದವರೂ ಇವರೇ. ದಾಳಿ ಶುರುವಾದಾಗ ನಮ್ಮವರು ಪೂಜಿಸುವ ಸೇನಾನಾಯಕ ಜನರಲ್ ಜಿಯಾಪ್ ಹಂಗೇರಿಯಲ್ಲಿದ್ದರು, ಹೋ ಬೀಜಿಂಗ್‌ನಲ್ಲಿದ್ದರು. ಆದರೂ ಪೋಸ್ಟರಿನಲ್ಲಿ ಡುವಾನ್‌ಗೆ ಒಂದು ಮೂಲೆಯೂ ಇಲ್ಲ.

‘ಹೋ ಅಂದ್ರೆ ಸ್ಫೂರ್ತಿ ಕಣಯ್ಯಾ, ತಾರೀಖು ಹಿಡ್ಕೊಂಡು ಜಗಳಕ್ಕೆ ಬರಬೇಡ’ ಅಂತೀರಿ. ಸರಿ, ಹಾರ ಹಾಕಿ, ಬೇಡ ಅಂದವರು ಯಾರು? ಆದರೆ ಗೆಲುವನ್ನೆಲ್ಲ ಹೋ ಖಾತೆಗೆ ಬರೆದರೆ ಆಮೇಲಿನ ಸಾಲ ಯಾರ ತಲೆಗೆ? ಸೋತವರನ್ನು ಕೂಡಿಹಾಕಿದ ‘ಮರುಶಿಕ್ಷಣ’ದ ಶಿಬಿರಗಳು, ದೋಣಿ ಹತ್ತಿ ದೇಶ ಬಿಟ್ಟ ಲಕ್ಷಾಂತರ ಜನ, ಮೆಕಾಂಗ್ ಬಯಲಿನ ರೈತರ ಮೇಲೆ ಹೇರಿದ ಸಾಮೂಹಿಕ ಬೇಸಾಯ, ಕೊನೆಗೆ ಮೂರಂಕಿ ಮುಟ್ಟಿದ ಹಣದುಬ್ಬರ. ಡುವಾನ್ ಹೆಸರನ್ನೇ ಎತ್ತದಿದ್ದರೆ ಈ ಲೆಕ್ಕ ಕೇಳೋ ತಾಪತ್ರಯವೂ ಇಲ್ಲ, ಅಲ್ವಾ? ಡುವಾನ್ 1986ರ ಜುಲೈನಲ್ಲಿ ತೀರಿಕೊಂಡರು. ಅದೇ ಡಿಸೆಂಬರ್‌ನಲ್ಲಿ ಪಕ್ಷ ‘ದೊಯ್ ಮೊಯ್’, ಅಂದರೆ ನವೀಕರಣ, ಅಂತ ಮಾರುಕಟ್ಟೆ ಕಡೆ ಹೊರಳಿತು.

ನಾನೂ ಕೆಂಪು ಬಾವುಟದ ಕೆಳಗೇ ಬೆಳೆದವನು, ನಿಮಗೆ ಗೊತ್ತು. ಅದಕ್ಕೇ ಉರಿ ಜಾಸ್ತಿ.

ಹೋ ಮೇಲೆ ಅಷ್ಟು ಭಕ್ತಿ ಇದ್ದರೆ ಇದನ್ನೂ ಕೇಳಿಸಿಕೊಳ್ಳಿ. ಅವರು ಸತ್ತಿದ್ದು ಸೆಪ್ಟೆಂಬರ್ 2ರಂದು, ಸ್ವಾತಂತ್ರ್ಯ ದಿನ. ಹಬ್ಬ ಕೆಡಬಾರದು ಅಂತ ಪಕ್ಷ 3ನೇ ತಾರೀಖು ಅಂತ ಸಾರಿತು. ಸಾವಿನ ತಾರೀಖನ್ನೂ ಬಿಡಲಿಲ್ಲ ನೋಡಿ! ಹೋ ತಮ್ಮ ಉಯಿಲಿನಲ್ಲಿ, ನನ್ನನ್ನು ಸುಟ್ಟುಬಿಡಿ, ಯುದ್ಧ ಗೆದ್ದ ಮೇಲೆ ರೈತರಿಗೆ ಒಂದು ವರ್ಷ ಕೃಷಿ ತೆರಿಗೆ ಬಿಡಿ ಅಂತ ಬರೆದಿದ್ದರು. ಅಂತ್ಯಕ್ರಿಯೆಯ ದಿನ ಹನೋಯ್‌ನ ಬಾ ದಿನ್ ಮೈದಾನದಲ್ಲಿ ಆ ಉಯಿಲು ಓದಿದವರು ಇದೇ ಲೆ ಡುವಾನ್. ಈ ಎರಡು ಮಾತನ್ನು ಬಿಟ್ಟು ಓದಿದರು. ದೇಹಕ್ಕೆ ಔಷಧ ಹಾಕಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತೆರಿಗೆಯ ಮಾತು ರೈತರ ಕಿವಿಗೆ ಬಿದ್ದಿದ್ದು 1989ರಲ್ಲಿ, ಡುವಾನ್ ಕೂಡ ಹೋಗಿ ಮೂರು ವರ್ಷವಾದ ಮೇಲೆ.