ಕುದ್ಮುಲ್ ರಂಗರಾಯರ ಹೆಸರು ಹಾಸ್ಟೆಲ್‌ಗೇ ಸರಿ

ಮಂಗಳೂರಿನ ಟೌನ್‌ಹಾಲ್‌ಗೆ, ದಲಿತ ಮಕ್ಕಳ ಓದಿಗಾಗಿ ದುಡಿದ ಕುದ್ಮುಲ್ ರಂಗರಾಯರ ಹೆಸರು ಇಟ್ಟಾಗ ಎಲ್ಲರೂ ಖುಷಿಪಟ್ಟೆವು. ಒಳ್ಳೆಯದೇ. ಆದ್ರೆ ಕೊಡಿಯಾಲಬೈಲಿನ ಹೆಣ್ಣುಮಕ್ಕಳ ಹಾಸ್ಟೆಲ್‌ಗೂ ಅವರದೇ ಹೆಸರಿದೆ, ಅದನ್ನು ಎಷ್ಟು ಜನ ಗಮನಿಸಿದ್ದೇವೆ ಮಾರಾಯ್ರೇ? ನನ್ನನ್ನು ಕೇಳಿದರೆ ಸಭೆ, ನಾಟಕ, ಸನ್ಮಾನ ನಡೆಯುವ ಹಾಲ್‌ಗಿಂತ, ದೂರದ ಊರಿಂದ ಓದಲು ಬಂದ ಮಕ್ಕಳು ಉಂಡು ಮಲಗುವ ಕಟ್ಟಡವೇ ಅವರಿಗೆ ಸರಿಯಾದ ಸ್ಮಾರಕ.

ಯಾಕೆ ಹೇಳ್ತೇನೆ. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ ಅವರು. ಮಂಗಳೂರಿನಲ್ಲಿ ವಕೀಲರು. ಕೋರ್ಟು, ಕಕ್ಷಿದಾರರು ಅಂತ ಸುಮ್ನೆ ಇದ್ದಿದ್ದರೆ ಆರಾಮಾಗಿ ಬದುಕಬಹುದಿತ್ತು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ವಿರೋಧ ಎಷ್ಟಿತ್ತೆಂದರೆ ಆ ಶಾಲೆ ಅಲ್ಲಿ ಉಳಿಯಲಿಲ್ಲ, ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ಇವರು ಬಿಡಬೇಕಲ್ಲ! ಬೇರೆ ಕಡೆ ಶುರು ಮಾಡಿದರು. 1897ರಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಅನ್ನುವ ಸಂಸ್ಥೆ ಕಟ್ಟಿದರು. ಅದನ್ನು ನಮ್ಮ ಹಿರಿಯರು ಈಗಲೂ ಚಿಕ್ಕದಾಗಿ ಡಿಸಿಎಂ ಅನ್ನುತ್ತಾರೆ.

ನನಗೆ ಜಾಸ್ತಿ ಇಷ್ಟವಾಗುವುದು ಅವರ ವ್ಯಾವಹಾರಿಕ ಬುದ್ಧಿ. ಹೊಟ್ಟೆ ಹಸಿದ ಮಗುವಿಗೆ ಬರೀ ಅಕ್ಷರ ಕೊಟ್ಟರೆ ನಾಳೆ ಅದು ಶಾಲೆಗೆ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಟ್ಟರು, ಉಳಿದುಕೊಂಡು ಓದಲು ಹಾಸ್ಟೆಲ್ ಮಾಡಿದರು, ಮುಂದೆ ಹೊಟ್ಟೆಪಾಡಿಗೆ ಇರಲಿ ಅಂತ ಮರಗೆಲಸ, ನೇಯ್ಗೆ ಕಲಿಸಿದರು. ಅಂದ್ರೆ ಈ ಹಾಸ್ಟೆಲ್ ಅನ್ನುವುದು ಅವರ ಕೆಲಸದ ಒಂದು ಭಾಗವೇ, ಆಮೇಲೆ ಯಾರೋ ಗೌರವಕ್ಕೆ ಅಂಟಿಸಿದ ಹೆಸರಲ್ಲ.

ಮನೆಯಲ್ಲೂ ಅಷ್ಟೇ. ಮಗಳು ರಾಧಾಬಾಯಿಯನ್ನು ಓದಿಸಿದರು, ಜಾತಿ ಮೀರಿ ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಆಕೆ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ಮೊಮ್ಮಗ ಜನರಲ್ ಕುಮಾರಮಂಗಲಂ ದೇಶದ ಸೇನಾ ಮುಖ್ಯಸ್ಥರಾದರು. (ಇದನ್ನು ಹೇಳಿದರೆ ಮಂಗಳೂರಿನವರೇ "ಹೌದಾ?" ಅಂತಾರೆ.) 1928ರ ಜನವರಿಯಲ್ಲಿ ರಂಗರಾಯರು ತೀರಿಕೊಂಡಾಗ ಅಳಿಯ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿ. ಆದರೂ ತನ್ನ ಹೆಣವನ್ನು ದಲಿತರೇ ಹೊರಬೇಕು ಅನ್ನುವುದು ಅವರ ಇಚ್ಛೆಯಾಗಿತ್ತು, ಹಾಗೇ ನಡೆಯಿತು. 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ರಂಗರಾಯರ ಸಂಸ್ಥೆಯನ್ನು ನೋಡಿ ಹೋದರು.

ತನ್ನ ಶಾಲೆಯಲ್ಲಿ ಕಲಿತ ದಲಿತ ಮಕ್ಕಳು ದೊಡ್ಡ ಕೆಲಸಕ್ಕೆ ಸೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು ಅನ್ನುವುದು ರಂಗರಾಯರ ಆಸೆ. ಭಾಷಣದಲ್ಲಿ ಎಲ್ಲರೂ ಈ ಮಾತು ಹೇಳ್ತಾರೆ, ಚಪ್ಪಾಳೆ ಬೀಳುತ್ತೆ. ಆದ್ರೆ ಆ ಕಾರಿನವರೆಗೆ ಒಂದು ಹುಡುಗಿ ತಲುಪುವುದು ಹೇಗೆ? ಘಟ್ಟದ ಆಚೆಯಿಂದ ಡಿಗ್ರಿಗೆ ಬಂದವಳಿಗೆ ಹಾಸ್ಟೆಲ್ ಸೀಟು ಸಿಕ್ಕರೆ ಓದು ಮುಂದುವರಿಯುತ್ತೆ. ಸಿಗದಿದ್ದರೆ ಪಿಜಿ ಬಾಡಿಗೆ ಕಟ್ಟಲಾಗದೆ ಬಸ್ಸು ಹತ್ತಿ ವಾಪಸ್ ಹೋಗ್ತಾಳೆ.

ಜೂನ್ 29ಕ್ಕೆ ಅವರ ಜಯಂತಿ. ಅಡ್ಮಿಷನ್ ಕಾಲ ಕೂಡ ಹೆಚ್ಚುಕಡಿಮೆ ಅದೇ. ನಂದಿಗುಡ್ಡೆಯ ಸಮಾಧಿಗೆ ಹಾರ ಹಾಕಲು ಹೋಗುವ ನಾಯಕರು ಅಲ್ಲಿಂದ ನೇರ ಹಾಸ್ಟೆಲ್‌ಗೆ ಹೋಗಿ ಮಕ್ಕಳ ಜೊತೆ ಊಟಕ್ಕೆ ಕೂರಲಿ. ಎದ್ದು ಬರುವಾಗ ಈ ವರ್ಷ ಸೀಟು ಸಿಗದವರ ಪಟ್ಟಿಯನ್ನೂ ವಾರ್ಡನ್ ಹತ್ತಿರ ಕೇಳಿ ತರಲಿ.