ವೀರಗಲ್ಲಿಗೆ ಬೋರ್ಡು ಬರೆಯುವ ಮುಂಚೆ

ವೀರಗಲ್ಲಿನ ಪಕ್ಕದ ಬೋರ್ಡುಗಳಲ್ಲಿ ರಾಜವಂಶ ಇರುತ್ತದೆ, ಶತಮಾನ ಇರುತ್ತದೆ, ಹಾನಿ ಮಾಡಿದರೆ ದಂಡ ಎಂಬ ಎಚ್ಚರಿಕೆ ಇರುತ್ತದೆ. ಸತ್ತವನ ಹೆಸರು ಮಾತ್ರ ಇರುವುದಿಲ್ಲ. ಕಲ್ಲು ನಿಲ್ಲಿಸಿದ್ದೇ ಅವನಿಗಾಗಿ!

ಬೇಗೂರಿನ ಕಲ್ಲನ್ನೇ ನೋಡಿ. ಬೆಂಗಳೂರೆಂಬ ಹೆಸರು ಕ್ರಿ.ಶ. 900ರ ಸುಮಾರಿಗೇ ಇತ್ತು ಎನ್ನಲು ಎಲ್ಲರೂ ಅದನ್ನು ತೋರಿಸುತ್ತಾರೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ ಅಂತ ಅದರಲ್ಲಿದೆ. ಬುಟ್ಟಣಸೆಟ್ಟಿ ಯಾರಿಗೆ ಬೇಕು? ಆತಕೂರಿನ ಕಲ್ಲು (ಸುಮಾರು 950) ಇನ್ನೂ ಸ್ವಾರಸ್ಯ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸುದ್ದಿ ಅದರಲ್ಲಿದೆ. ಈ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ನಾಯಿಯ ಪಾಪ ತಟ್ಟಲಿ ಎಂಬ ಶಾಪವೂ ಇದೆ. ಶಾಲೆ ಮಕ್ಕಳಿಗೆ ಇದನ್ನು ಹೇಳಿ, ಆಮೇಲೆ ಅದೇ ಕಲ್ಲಿನಲ್ಲಿರುವ ಗಂಗರ ಅರಸ ಬೂತುಗ, ರಾಷ್ಟ್ರಕೂಟರ ಮೂರನೆಯ ಕೃಷ್ಣ ಎಲ್ಲ ತಾನಾಗಿ ಬರುತ್ತಾರೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ, ಲಿಂಗ, ಸೂರ್ಯಚಂದ್ರರು. ಕಾಳಗ ಕೆತ್ತಿದ ಪಟ್ಟಿಯಲ್ಲಿ ದನಗಳಿದ್ದರೆ ಅದು ತುರುಗೊಳ್, ಅಂದರೆ ದನ ಹೊಡೆದೊಯ್ಯುವಾಗ ನಡೆದ ಕಾಳಗ. ಬಳೆ ತೊಟ್ಟ ತೋಳು ಎದ್ದು ಕಾಣುತ್ತಿದ್ದರೆ ಅದು ಮಾಸ್ತಿಗಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು. ಎರಡಕ್ಕೂ ಒಂದೇ ಬೋರ್ಡು ಬರೆದುಬಿಡುತ್ತಾರೆ. ಅಕ್ಷರಗಳು ಬಹಳ ಸಲ ಪಟ್ಟಿಗಳ ನಡುವಿನ ಅಂಚಿನಲ್ಲಿರುತ್ತವೆ. ನಡುಹಗಲಲ್ಲಿ ಅವು ಕಾಣುವುದೇ ಇಲ್ಲ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ನೋಡಿ. ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಹತ್ತಿರ ಪಕ್ಕದಿಂದ ಹಿಡಿಯಿರಿ.

ಸೀಮೆಸುಣ್ಣ, ರಂಗೋಲಿ ಪುಡಿ ತುಂಬಬೇಡಿ. ಒಂದು ಅಕ್ಷರ ತಪ್ಪಾಗಿ ತಿದ್ದಿದರೆ ಫೋಟೋದಲ್ಲಿ ಆ ತಪ್ಪೇ ಉಳಿಯುತ್ತದೆ, ಮುಂದಿನವರೂ ಅದನ್ನೇ ಓದುತ್ತಾರೆ. ಬರೀ ನೀರು, ಮೆತ್ತನೆ ಬ್ರಷ್ ಸಾಕು. ತಂತಿ ಬ್ರಷ್, ಆಸಿಡ್ ಹತ್ತಿರಕ್ಕೂ ಬೇಡ. ಎನಾಮಲ್ ಪೇಂಟ್ ಬಳಿದರಂತೂ ಮುಗಿಯಿತು, ಅದನ್ನು ಕೆರೆಯುವಾಗ ಕಲ್ಲಿನ ಮೈಯೂ ಜೊತೆಗೆ ಬರುತ್ತದೆ. ಇದಕ್ಕಿಂತ ಕೆಟ್ಟದ್ದು ಸಿಮೆಂಟ್ ಕಟ್ಟೆ: ಭಕ್ತಿಯಿಂದ ಕಟ್ಟಿಸುತ್ತಾರೆ, ಶಾಸನದ ಕೊನೆಯ ಸಾಲುಗಳು ಕಾಂಕ್ರೀಟಿನೊಳಗೆ ಹೋಗುತ್ತವೆ. ಯಾರಿಗೆ ಎಷ್ಟು ಭೂಮಿ ಬಿಟ್ಟರು ಎಂಬುದು ಹೆಚ್ಚಾಗಿ ಆ ಸಾಲುಗಳಲ್ಲೇ ಇರುವುದು.

ಪೂಜೆ ನಿಲ್ಲಿಸಿ ಅನ್ನಬೇಡಿ. ಪೂಜೆ ಇದ್ದದ್ದರಿಂದಲೇ ಎಷ್ಟೋ ಕಲ್ಲುಗಳು ಚಪ್ಪಡಿಯಾಗದೆ ಉಳಿದಿವೆ. ಎಣ್ಣೆಯನ್ನು ಅಕ್ಷರಗಳ ಮೇಲೆ ಸುರಿಯದೆ ಬುಡದಲ್ಲಿ ದೀಪ ಹಚ್ಚಿ ಎಂದರೆ ಬಹಳಷ್ಟು ಜನ ಒಪ್ಪುತ್ತಾರೆ. ಊರವರು ಅದನ್ನು ಬೀರಪ್ಪ ಅಂತ ಕರೆಯುತ್ತಿದ್ದರೆ ಬೋರ್ಡಿನಲ್ಲಿ ಆ ಹೆಸರೂ ಇರಲಿ, ತಿದ್ದಲು ಹೋಗಬೇಡಿ.

ಬೋರ್ಡಿಗೆ ಅರವತ್ತು ಪದ ಸಾಕು. ಮೊದಲ ಸಾಲಿನಲ್ಲಿ ಸತ್ತವನ ಹೆಸರು, ಎರಡನೆಯದರಲ್ಲಿ ಯಾತಕ್ಕೆ ಸತ್ತ. ಕಾಲ, ಅರಸು ಆಮೇಲೆ. ಕ್ಯೂಆರ್ ಕೋಡ್ ಹಾಕಿ, ಆದರೆ ನೆಟ್‌ವರ್ಕ್ ಇಲ್ಲದಿದ್ದರೂ ವಿಷಯ ತಿಳಿಯುವಂತಿರಲಿ. ಕಲ್ಲಿಗೆ ಮೊಳೆ ಹೊಡೆಯದೆ, ಬಿಸಿಲು ಬರುವ ದಿಕ್ಕಿಗೆ ಅಡ್ಡವಾಗದಂತೆ ನೆಡಿ. ಶಾಸನದ ಪಾಠವನ್ನು ಎಪಿಗ್ರಾಫಿಯಾ ಕರ್ನಾಟಿಕದಲ್ಲಿ (ನಾಡಿನ ಶಾಸನಗಳನ್ನು ಅಚ್ಚು ಹಾಕಿದ ಸಂಪುಟಗಳು) ತಾಲ್ಲೂಕು, ಸಂಖ್ಯೆ ಹಿಡಿದು ಹುಡುಕಿ. ಹಳೆಯ ತಾಲ್ಲೂಕು ಗಡಿಗಳು ಈಗಿನಂತಿಲ್ಲ, ಪಕ್ಕದ ತಾಲ್ಲೂಕನ್ನೂ ನೋಡಿ. ಅಚ್ಚಿಗೆ ಕೊಡುವ ಮುಂಚೆ ಕರಡನ್ನು ಅರಳಿಕಟ್ಟೆಯಲ್ಲಿ ಗಟ್ಟಿಯಾಗಿ ಓದಿ, ಜನ "ಹಂಗಂದ್ರೇನು?" ಅಂತ ಕೇಳಿದ ಪದವನ್ನೆಲ್ಲ ಹೊಡೆದುಹಾಕಿ.